ಅಮ್ಮಾ, ಬಾರ್ಡರ್‌ನಲ್ಲೇ ನಿಲ್ಲಿಸೋಣ

ಸನ್ನಿವೇಲ್, ಕ್ಯಾಲಿಫೋರ್ನಿಯಾ

ಅಮ್ಮಾ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಪತ್ರ ತಲುಪಿತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ HbA1c ರಕ್ತಪರೀಕ್ಷೆಯಲ್ಲಿ 6.2 ಬಂದಿದೆ ಅಂತ ನೋಡಿ ಅಷ್ಟೇನೂ ಗಾಬರಿ ಆಗಲಿಲ್ಲ. "ಅಜ್ಜಿಗಿತ್ತು, ನಿಮ್ಮ ಮಾವನಿಗೂ ಇದೆ, ವಂಶದಲ್ಲೇ ಇರೋದಕ್ಕೆ ಬಾಯಿ ಕಟ್ಟಿ ಏನು ಪ್ರಯೋಜನ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನಿದ್ದೆ ಹತ್ತಲಿಲ್ಲ.

ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನೀನಿನ್ನೂ ಮುಟ್ಟಿಲ್ಲ ಅಮ್ಮಾ, ಬಾರ್ಡರ್‌ನಲ್ಲಿದ್ದೀಯ ಅಷ್ಟೇ. ಇಲ್ಲಿ ನಿನ್ನ ಹಾಗೇ ಬಾರ್ಡರ್‌ನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಫಲಿತಾಂಶ ಹೇಳಿದರು. ಊಟ ತಿದ್ದಿಕೊಂಡು, ತೂಕ ಇಳಿಸಿ, ವಾರಕ್ಕೆ 150 ನಿಮಿಷ ಮೈ ಬಗ್ಗಿಸಿದವರಲ್ಲಿ ಕಾಯಿಲೆ ಬರೋದು ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೊಗೊಂಡವರಲ್ಲಿ ಶೇ. 31 ಅಷ್ಟೇ. ಸಕ್ಕರೆ ಕಾಯಿಲೆಗೆ ದಾರಿ ಮಾಡೋ ಜೀನ್ ಇದ್ದವರಿಗೂ ಊಟ, ನಡಿಗೆಯಿಂದ ಅನುಕೂಲ ಆಯಿತು. ಅಮೆರಿಕದವರ ಮಾತು ಬಿಡು ಅಂತೀಯಾ? ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ ನಮ್ಮ ಜನರಲ್ಲೇ ನೋಡಿ 2006ರಲ್ಲಿ ಬರೆದಿದೆ, ಅಲ್ಲೂ ಶೇ. 28ರಷ್ಟು ತಗ್ಗಿತ್ತು.

ಇಲ್ಲಿನವರು ಕೊಳವೆಯಲ್ಲಿ ಉಗುಳು ತುಂಬಿ ಪೋಸ್ಟಿನಲ್ಲಿ ಕಳಿಸಿ ಜೀನ್ ನೋಡಿಸಿಕೊಳ್ಳುತ್ತಾರೆ. ಕ್ರಿಸ್‌ಮಸ್‌ಗೆ ಉಡುಗೊರೆಯಾಗಿಯೂ ಆ ಡಬ್ಬಿ ಕೊಡುತ್ತಾರೆ! ಇಲ್ಲೇ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಪರೀಕ್ಷೆ ಮಾಡಿದರು. ನಿಜವಾದ ಜೀನ್ ಏನೇ ಇರಲಿ, ಜನರಿಗೆ ಬೇಕಂತಲೇ ಒಬ್ಬೊಬ್ಬರಿಗೆ ಒಂದೊಂದು ರಿಪೋರ್ಟ್ ಹೇಳಿದರು. "ನಿಮ್ಮ ಜೀನ್ ವ್ಯಾಯಾಮಕ್ಕೆ ಒಗ್ಗಲ್ಲ" ಅನ್ನಿಸಿಕೊಂಡವರು ಟ್ರೆಡ್‌ಮಿಲ್ ಮೇಲೆ ಮೊದಲಿಗಿಂತ ಬೇಗ ಸೋತರು. "ನಿಮಗೆ ಬೇಗ ಹೊಟ್ಟೆ ತುಂಬೋ ಜೀನ್ ಇದೆ" ಅನ್ನಿಸಿಕೊಂಡವರಿಗೆ ಅದೇ ಊಟದಲ್ಲಿ ಹೊಟ್ಟೆ ಜಾಸ್ತಿ ತುಂಬಿತು. ಹೊಟ್ಟೆ ತುಂಬಿತು ಅನ್ನಿಸೋ ಹಾರ್ಮೋನೂ ರಕ್ತದಲ್ಲಿ ಏರಿತ್ತಂತೆ. ವಂಶ, ವಂಶ ಅಂತ ನೀನು ದಿನಾ ಅಂದುಕೊಂಡರೆ ಮೈ ಕೇಳಿಸಿಕೊಳ್ಳುತ್ತೆ ಅಲ್ವಾ?

ಅಜ್ಜಿ ಕಾಫಿ ನೆನಪಿದೆಯಾ? ಸ್ಟೀಲ್ ಲೋಟದ ತಳದಲ್ಲಿ ಕರಗದ ಸಕ್ಕರೆಯನ್ನು ಬೆರಳಲ್ಲಿ ಬಳಿದು ತಿನ್ನುತ್ತಿದ್ದರು. ಅದು ಯಾವ ಜೀನೂ ಅಲ್ಲ. ನಮ್ಮ ಮನೆಯಲ್ಲಿ ರಕ್ತದ ಜೊತೆ ಆ ಲೋಟವೂ ಬಂದಿದೆ. ನೀನು ಮೊದಲು ಸಕ್ಕರೆ ಅರ್ಧ ಚಮಚಕ್ಕಿಳಿಸು. ಮುದ್ದೆ ಬಿಡಬೇಡ, ಚಿಕ್ಕದು ಮಾಡು. ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಹಾಕಿಕೋ. ಸಂಜೆ ಅಪ್ಪನ ಜೊತೆ ಕೆರೆ ಏರಿ ಮೇಲೆ ನಡೆ. ಡಾಕ್ಟರ್ ಹೇಳಿದ ದಿನ ರಕ್ತ ಕೊಡೋದು ಮರೀಬೇಡ.

ನನ್ನ ಬಗ್ಗೆ ಚಿಂತೆ ಬೇಡವೇ ಬೇಡ. ನನ್ನದು ನಾರ್ಮಲ್ ಇದೆ, ರಾಗಿ ಹಿಟ್ಟು ಇಲ್ಲೂ ಸಿಗುತ್ತೆ, ದಿನಾ ನಡೀತೀನಿ, ಹೊತ್ತಿಗೆ ಸರಿಯಾಗಿ ಉಣ್ತೀನಿ, ಏನೂ ತೊಂದರೆ ಇಲ್ಲ. ನಿನಗೂ ಏನೂ ಆಗಲ್ಲ.

ಪಾಪೂನ ಈಜಿಗೆ ಬಿಡಬೇಕು, ಹೊತ್ತಾಯ್ತು. ಅಪ್ಪನಿಗೆ ನಮಸ್ಕಾರ ಹೇಳು. ಮುಂದಿನ ರಿಪೋರ್ಟ್ ಬಂದ ಕೂಡಲೇ ಬರಿ.

ನಿನ್ನ
ಸುಮಾ