ಆ ವಯಸ್ಸಿನ ಬೇಸರವೆಲ್ಲ ಮುಟ್ಟು ನಿಲ್ಲುವುದರಿಂದಲ್ಲ

ಮಾನ್ಯ ಸಂಪಾದಕರೆ,

ನಲವತ್ತೈದರ ಆಸುಪಾಸಿನ ಹೆಣ್ಣುಮಗಳು ‘ನಿದ್ದಿ ಇಲ್ಲ, ಯಾವುದರಾಗೂ ಮನಸ್ಸಿಲ್ಲ’ ಎಂದರೆ ನಮ್ಮ ಭಾಗದಲ್ಲಿ ಸಿಗುವ ಉತ್ತರ ಒಂದೇ: ‘ಮುಟ್ಟು ನಿಲ್ಲೂ ವಯಸ್ಸು, ತಾನ ಹೋಗತೈತಿ.’ ಹೀಗೆ ಖಿನ್ನತೆ ವರ್ಷಗಟ್ಟಲೆ ಒಳಗೇ ಬೇರೂರುತ್ತದೆ. ಇತ್ತ ಮುಟ್ಟು ನಿಲ್ಲುವ ಕಾಲದ ಮೈಕಾವಿನಿಂದ (ಒಮ್ಮೆಲೇ ಮೈಗೆ ಝಳ ಏರುವುದು) ಮಾತ್ರ ನಿದ್ದೆಗೆಟ್ಟವರಿಗೆ ಔಷಧದಂಗಡಿಯ ನಿದ್ದೆ ಗುಳಿಗೆಯೇ ಗತಿಯಾಗುತ್ತದೆ. ಅದು ರೂಢಿಯಾಗಿ ಅಂಟಿಕೊಳ್ಳುತ್ತದೆ, ಮೂಲ ತೊಂದರೆ ಹಾಗೇ ಉಳಿಯುತ್ತದೆ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತೆಂದು ಲೆಕ್ಕ. ನಮ್ಮ ದೇಶದಲ್ಲಿ ಸರಾಸರಿ 46–47ರ ಹೊತ್ತಿಗೆ ಹೀಗಾಗುತ್ತದೆ. ಆದರೆ ಅದಕ್ಕೆ ಹಿಂದಿನ ಕೆಲವು ವರ್ಷಗಳೇ ಕಷ್ಟದವು. ಹಾರ್ಮೋನು ಏರಿಳಿಯುವ ಆ ಕಾಲದಲ್ಲಿ ಖಿನ್ನತೆಯ ಸಾಧ್ಯತೆಯೂ ಹೆಚ್ಚು. ಬಾಣಂತನದಲ್ಲಿ ಅಥವಾ ಮೊದಲೊಮ್ಮೆ ಖಿನ್ನತೆ ಬಂದವರಿಗಂತೂ ಇನ್ನೂ ಹೆಚ್ಚು. ಗರ್ಭಚೀಲದ ಜತೆ ಎರಡೂ ಅಂಡಾಶಯ ತೆಗೆಸಿದವರಿಗೆ ಎಲ್ಲ ಲಕ್ಷಣವೂ ಒಮ್ಮೆಲೇ, ಜೋರಾಗಿ ಬರುತ್ತವೆ. ಏನೇನು ತೆಗೆದಿದ್ದಾರೆಂದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಆಪರೇಶನ್ನಿನ ಡಿಸ್ಚಾರ್ಜ್ ಕಾರ್ಡು ಜೋಪಾನ ಮಾಡಿ ತನ್ನಿರಿ.

ನಿದ್ದೆಗೇಡು, ದಣಿವು, ಮರೆವು, ಸಿಡುಕು ಮುಟ್ಟು ನಿಲ್ಲುವಾಗಲೂ ಖಿನ್ನತೆಯಲ್ಲೂ ಇರುತ್ತವೆ, ಇವುಗಳಿಂದ ಬೇರ್ಪಡಿಸಲಾಗದು. ಮೈಕಾವು ಮಾತ್ರ ಖಿನ್ನತೆಯದಲ್ಲ: ಎದೆಯಿಂದ ಕುತ್ತಿಗೆ, ಮುಖಕ್ಕೆ ಝಳ ಏರಿ, ಬೆವರು ಕಿತ್ತು, ಒಂದರಿಂದ ಐದು ನಿಮಿಷದಲ್ಲಿ ಇಳಿದು, ಆಮೇಲೆ ಚಳಿ ಹತ್ತುತ್ತದೆ. ವಿಜಯಪುರದ ಏಪ್ರಿಲ್ ಸೆಖೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಡಿಸೆಂಬರ್ ರಾತ್ರಿಯಲ್ಲೂ ಕೌದಿ ಒದ್ದು ಏಳುವಂತಾದರೆ ಗಮನಿಸಿ. (ತೂಕ ಇಳಿದು, ಸಂಜೆ ಜ್ವರವೂ ಬರುತ್ತಿದ್ದರೆ ಕ್ಷಯದ ಪರೀಕ್ಷೆ ಮೊದಲು.)

ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರ ಗುರುತು ಹಾಕಿ: ಮುಟ್ಟಾದ ದಿನಕ್ಕೆ ಸುತ್ತು, ರಾತ್ರಿ ಬೆವರಿ ಎದ್ದಷ್ಟು ಸಲ ಗೀಟು, ಆ ದಿನದ ಮನಸ್ಸಿಗೆ 0ರಿಂದ 10ರೊಳಗೊಂದು ಅಂಕಿ. ಗೀಟು ಕಡಿಮೆಯಿದ್ದ ದಿನ ಅಂಕಿ ಏರಿದರೆ ಮೈಕಾವಿನ ಚಿಕಿತ್ಸೆಯಿಂದಲೇ ಮನಸ್ಸೂ ಹಗುರಾದೀತು. ಗೀಟಿಲ್ಲದ ದಿನವೂ ಅಂಕಿ ತಳದಲ್ಲೇ ಇದ್ದು, ಬೆವರಿಲ್ಲದೆ ನಸುಕಿನ ಮೂರಕ್ಕೇ ಎಚ್ಚರವಾಗಿ, ಮೊಮ್ಮಕ್ಕಳು ಬಂದರೂ ಖುಷಿಯಾಗದೆ, ‘ನಾ ಯಾರಿಗೂ ಬ್ಯಾಡಾದಾಕಿ’ ಅನ್ನಿಸುತ್ತಿದ್ದರೆ ಖಿನ್ನತೆಗೆ ತೋರಿಸಲೇಬೇಕು. ಸಾಯುವ ವಿಚಾರ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು.

ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ಸಕ್ಕರೆ ಕಾಯಿಲೆ ಮುಟ್ಟು ನಿಲ್ಲುವುದರ ವೇಷದಲ್ಲೂ ಖಿನ್ನತೆಯ ವೇಷದಲ್ಲೂ ಬರುವುದರಿಂದ ಆ ರಕ್ತಪರೀಕ್ಷೆಗಳು ಬೇಕು. 45 ದಾಟಿದವರಿಗೆ ಹಾರ್ಮೋನಿನ ದುಬಾರಿ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಆ ಅಂಕಿ ವಾರಕ್ಕೊಂದು ಥರ ಇರುತ್ತದೆ.

ಮೈಕಾವಿಗೆ ಹಾರ್ಮೋನು ಚಿಕಿತ್ಸೆ ಒಳ್ಳೆಯ ಔಷಧ. 60ರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದರೆ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು. ಗರ್ಭಚೀಲ ಇದ್ದವರಿಗೆ ಈಸ್ಟ್ರೋಜನ್ ಹಾರ್ಮೋನು ಒಂದನ್ನೇ ಕೊಡಬಾರದು, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಜತೆಗಿರಬೇಕು. ಇಲ್ಲವಾದರೆ ಗರ್ಭಚೀಲದ ಒಳಪದರ ದಪ್ಪಗಾಗಿ ಕ್ಯಾನ್ಸರಿನ ಭಯ. ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ ಈ ಗುಳಿಗೆ ಸಲ್ಲದು. ಅಂಥವರಿಗೆ ವೆನ್ಲಾಫ್ಯಾಕ್ಸಿನ್, ಎಸ್ಸಿಟಲೋಪ್ರಾಮ್‌ನಂಥ ಖಿನ್ನತೆಯ ಗುಳಿಗೆಗಳೇ ಮೈಕಾವನ್ನೂ ತಗ್ಗಿಸುತ್ತವೆ.

ಖಿನ್ನತೆಯ ಗುಳಿಗೆ ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು, ವಾಕರಿಕೆ ಮಾತ್ರ ಮೊದಲ ವಾರವೇ ಬರುತ್ತದೆ. ಅದಕ್ಕೇ ಬಹಳ ಜನ ಎಂಟು ದಿನಕ್ಕೆ ಬಿಟ್ಟುಬಿಡುತ್ತಾರೆ. ಊಟದ ನಂತರ ತೆಗೆದುಕೊಂಡರೆ ವಾಕರಿಕೆ ತಗ್ಗುತ್ತದೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಇನ್ನೊಂದು ಮಾತು: ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ‘ಮತ್ತೆ ಮುಟ್ಟಾದದ್ದು’ ಅಲ್ಲ, ಸ್ಕ್ಯಾನಿಂಗ್ ತಪ್ಪಿಸಬೇಡಿ.

ಸರಕಾರಿ ಆಸ್ಪತ್ರೆಗಳಲ್ಲಿ 30 ದಾಟಿದವರಿಗೆಲ್ಲ ಬಿಪಿ, ಶುಗರ್ ನೋಡುತ್ತಾರೆ. ಅದೇ ಸರದಿಯಲ್ಲಿ ಹೆಣ್ಣುಮಕ್ಕಳಿಗೆ ಮೂರು ಪ್ರಶ್ನೆ ಕೂಡಿಸಲಿ: ಮುಟ್ಟು ಯಾವಾಗ ಆಗಿತ್ತು? ಈ ಎರಡು ವಾರ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟವಿದ್ದ ಕೆಲಸದಲ್ಲಿ ಈಗ ಆಸಕ್ತಿ ಇದೆಯೇ? ಜಿಲ್ಲಾ ಆರೋಗ್ಯಾಧಿಕಾರಿಗಳು ಇದಕ್ಕೆ ಆದೇಶ ಹೊರಡಿಸಬೇಕು. ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ ಸಾಕು.

– ಸ್ತ್ರೀರೋಗ ಹಾಗೂ ಮನೋರೋಗ ವೈದ್ಯರು, ವಿಜಯಪುರ