ರೈಟ್ ಫ್ಲೈಯರ್ ಮಾದರಿಯ ರೆಕ್ಕೆಗೆ ಅಂಟು ಬೇಡ

ಮಾನ್ಯ ಸಂಪಾದಕರೇ,

ಮುಂಬಯಿಯ ಶಾಲೆಗಳ ವಿಜ್ಞಾನ ಪ್ರದರ್ಶನಗಳಿಗೆ ಮಕ್ಕಳು ಮಾಡಿ ತರುವ, ರೈಟ್ ಸೋದರರ 1903ರ ವಿಮಾನ ರೈಟ್ ಫ್ಲೈಯರ್‌ನ ಮಾದರಿಗಳಿಗೆ ಚಕ್ರಗಳಿರುತ್ತವೆ. ಮೂಲ ವಿಮಾನಕ್ಕೆ ಚಕ್ರ ಇರಲಿಲ್ಲ, ಅದು 60 ಅಡಿಯ ಮರದ ಹಳಿಯ ಮೇಲೆ ಸಾಗಿ ಮೇಲೇರಿತು. ಇದು ಸಣ್ಣ ತಪ್ಪು. ರೆಕ್ಕೆಗಳನ್ನು ಅಲುಗದಂತೆ ಅಂಟಿಸಿಬಿಡುವುದು ಮಾತ್ರ ದೊಡ್ಡ ತಪ್ಪು, ಏಕೆಂದರೆ ಆ ಅಣ್ಣತಮ್ಮಂದಿರ ಶೋಧವೆಲ್ಲ ಇರುವುದು ವಿಮಾನವನ್ನು ಆಚೀಚೆ ವಾಲಿಸಲು ತಿರುಚಿಕೊಳ್ಳುವ ರೆಕ್ಕೆಯಲ್ಲಿ. ಅವರ ಎಂಜಿನ್ ಬರೀ 12 ಅಶ್ವಶಕ್ತಿಯದು. ಅದೇ ವರ್ಷ 52 ಅಶ್ವಶಕ್ತಿಯ ಎಂಜಿನ್ ಹೊತ್ತ, ಅಮೆರಿಕದ ವಿಜ್ಞಾನಿ ಲ್ಯಾಂಗ್ಲಿಯವರ ವಿಮಾನ ಎರಡು ಸಲವೂ ಪೊಟೊಮ್ಯಾಕ್ ನದಿಗೆ ಬಿತ್ತು.

ಟೂತ್‌ಪೇಸ್ಟಿನ ಖಾಲಿ ರಟ್ಟಿನ ಡಬ್ಬಿಯ ಎರಡೂ ತುದಿ ಕತ್ತರಿಸಿ, ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಿ ನೋಡಿ. ಮೇಲಿನ ಕೆಳಗಿನ ಮೈಗಳು ಜೊತೆಯಾಗಿ ಹೊರಳುತ್ತವೆ, ಡಬ್ಬಿ ಮುರಿಯುವುದಿಲ್ಲ. 1899ರಲ್ಲಿ ವಿಲ್ಬರ್ ರೈಟ್‌ಗೆ ದಾರಿ ಹೊಳೆದದ್ದು ಸೈಕಲ್ ಟ್ಯೂಬಿನ ಇಂಥದೇ ಡಬ್ಬಿಯಿಂದ.

ಅಡಿಗೊಂದು ಇಂಚಿನ ಲೆಕ್ಕದಲ್ಲಿ ಮೇಲಿನ ಕೆಳಗಿನ ಎರಡೂ ರೆಕ್ಕೆ 40 ಇಂಚು ಉದ್ದ, ಆರೂವರೆ ಇಂಚು ಅಗಲ, ಅವುಗಳ ನಡುವೆ ಸುಮಾರು 6 ಇಂಚು. ರೆಕ್ಕೆಗಳನ್ನು ಜೋಡಿಸುವ ಕಂಬಗಳಿಗೆ ಊದುಬತ್ತಿ ಕಡ್ಡಿ ಸಾಕು, ಆದರೆ ತುದಿಗಳನ್ನು ದಾರದಿಂದ ಕಟ್ಟಬೇಕು. ಅಂಟು ಹಾಕಿದರೆ ಕೀಲು ಸತ್ತಂತೆ. ಮುಂದಿನ ಸಾಲಿನ ಕಂಬಗಳ ನಡುವೆಲ್ಲ ಅಡ್ಡದಾರ ಬಿಗಿಯಾಗಿರಲಿ. ಹಿಂದಿನ ಸಾಲಿನಲ್ಲಿ ಮಧ್ಯದ ಕಂಬಗಳ ನಡುವೆ ಮಾತ್ರ, ಹೊರಗಿನವಕ್ಕೆ ಬೇಡ. ಈಗ ಮಲಗಿದ ಚಾಲಕ ಸೊಂಟದಿಂದ ಆಚೀಚೆ ಸರಿಸುವ ತೊಟ್ಟಿಲಿನಿಂದ ಒಂದು ದಾರ ಕೆಳರೆಕ್ಕೆಯ ಮಣಿಗಳ ಮೂಲಕ ಹಾದು ಎರಡೂ ಬದಿಯ ಮೇಲ್ರೆಕ್ಕೆಯ ಹಿಂದಿನ ಮೂಲೆಗಳಿಗೆ ಹೋಗಬೇಕು. ಇನ್ನೊಂದು, ಕೆಳರೆಕ್ಕೆಯ ಹಿಂದಿನ ಎರಡು ಮೂಲೆಗಳನ್ನು ಮೇಲ್ರೆಕ್ಕೆಯ ಮಣಿಗಳ ಮೂಲಕ ಜೋಡಿಸಬೇಕು. ಎರಡನೆಯದನ್ನು ಮರೆತರೆ ಒಂದು ಬದಿ ಇಳಿಯುತ್ತದೆ, ಇನ್ನೊಂದು ಏರುವುದಿಲ್ಲ.

ಬಾಲದ ಚುಕ್ಕಾಣಿಯ ದಾರವೂ ಇದೇ ತೊಟ್ಟಿಲಿಗೆ. ಹಿಂದಿನ ಮೂಲೆ ಇಳಿದು ಹೆಚ್ಚು ಎತ್ತುವ ರೆಕ್ಕೆಯನ್ನು ಗಾಳಿಯೂ ಹೆಚ್ಚು ಹಿಂದಕ್ಕೆಳೆಯುತ್ತದೆ, ಮೂತಿ ವಿರುದ್ಧ ದಿಕ್ಕಿಗೆ ಹೊರಳುತ್ತದೆ. 1901ರ ಗ್ಲೈಡರ್ ಅವರನ್ನು ಕಾಡಿದ್ದು ಹೀಗೆ. 1902ರಲ್ಲಿ ಚಲಿಸುವ ಚುಕ್ಕಾಣಿಯನ್ನು ತೊಟ್ಟಿಲಿಗೆ ಜೋಡಿಸಿದ ಮೇಲೆ ಅದು ಹತೋಟಿಗೆ ಬಂತು. 1903ರ ಡಿಸೆಂಬರ್ 17ರ ಮೊದಲ ಹಾರಾಟ 120 ಅಡಿ, ನಮ್ಮ ಲೋಕಲ್ ರೈಲಿನ ಎರಡು ಬೋಗಿಗಳಿಗಿಂತ ಕಡಿಮೆ. ಅದೇ ದಿನದ ನಾಲ್ಕನೆಯದು 852 ಅಡಿ.

ಬಹುಮಾನ ಕೊಡುವ ಮುನ್ನ ತೀರ್ಪುಗಾರರು ತೊಟ್ಟಿಲನ್ನು ಎಡಕ್ಕೆ ಸರಿಸಿ ನೋಡಲಿ. ಬಲ ರೆಕ್ಕೆಗಳ ಹಿಂದಿನ ಮೂಲೆ ಇಳಿದು, ಎಡದವು ಏರಿ, ಚುಕ್ಕಾಣಿ ಎಡಕ್ಕೆ ತಿರುಗಬೇಕು.

— ಓದುಗರೊಬ್ಬರು, ಡೊಂಬಿವಲಿ