ಭಾನುವಾರದ ಓದು: ಬಡ್ಡಿ ಅಧ್ಯಾಯ ಮುಗಿಸ್ಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ 🙏 ಈ ಭಾನುವಾರ ಸಂಜೆ 6ಕ್ಕೆ ದುಡ್ಡಿನ ಪುಸ್ತಕದ ಚರ್ಚೆ ಇದೆ, ವಿಡಿಯೋ ಕಾಲ್‌ನಲ್ಲೇ, ಚಕ್ರಬಡ್ಡಿ ಅಧ್ಯಾಯ ಓದ್ಕೊಂಡೇ ಬನ್ನಿ ಪ್ಲೀಸ್. ಅದ್ರಲ್ಲಿರೋ 72ರ ಲೆಕ್ಕ ನನ್ನ ಕಣ್ಣು ತೆರೆಸ್ತು. 72ನ್ನ ವರ್ಷದ ಬಡ್ಡಿ ದರದಿಂದ ಭಾಗಿಸಿದ್ರೆ ದುಡ್ಡು ಡಬಲ್ ಆಗೋಕೆ ಸುಮಾರು ಎಷ್ಟು ವರ್ಷ ಬೇಕು ಅಂತ ಸಿಗುತ್ತೆ, ಶೇ. 8ಕ್ಕೆ 9 ವರ್ಷ, ಆದ್ರೆ ಶೇ. 36ರ ಕ್ರೆಡಿಟ್ ಕಾರ್ಡ್ ಸಾಲ ಕಟ್ಟದೆ ಬಿಟ್ರೆ ಎರಡೇ ವರ್ಷಕ್ಕೆ ಡಬಲ್! ಅವತ್ತು ರಾತ್ರೀನೇ ನನ್ನ ಬಿಲ್ ತೆಗ್ದು ನೋಡ್ದೆ, ಇಷ್ಟು ದಿನ ಬರೀ ಮಿನಿಮಮ್ ಡ್ಯೂ (ಬಿಲ್‌ನಲ್ಲಿ ಕನಿಷ್ಠ ಕಟ್ಲೇಬೇಕಾದ ಸಣ್ಣ ಪಾಲು) ಕಟ್ತಿದ್ದೆ, ಈಗ ಪೂರ್ತಿ ತೀರೋವರೆಗೂ ಕಾರ್ಡ್ ಮುಟ್ಟಲ್ಲ ಅಂತ ಎತ್ತಿಟ್ಟಿದೀನಿ.

ನೀವೂ ಒಂದು ವಾರದ ಖರ್ಚು ಬರ್ಕೊಂಡು ಬನ್ನಿ, ಮೊತ್ತ ಯಾರಿಗೂ ಹೇಳ್ಬೇಕಾಗಿಲ್ಲ. ಬರೋರು ಶುಕ್ರವಾರದೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ, ಪುಸ್ತಕ ಸಿಗದೇ ಇರೋರು ನನಗೆ ಮೆಸೇಜ್ ಮಾಡಿ, ನನ್ನ ಪ್ರತಿ ಕೊಡ್ತೀನಿ.